ಒಂದು ಬೊಗಸೆ ನೀರು, ಹತ್ತು ವರ್ಷ



ಮನುಷ್ಯರೆಲ್ಲರೂ ಸಮಾನರು ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಪಠ್ಯಪುಸ್ತಕದ ಮೊದಲ ಪುಟಗಳಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿದ್ದೀರಿ. ಭಾಷಣ ಸ್ಪರ್ಧೆಗಳಲ್ಲಿ ನಿಮ್ಮಲ್ಲಿ ಕೆಲವರು ಈ ವಿಷಯ ಕುರಿತು ಮಾತನಾಡಿ ಬಹುಮಾನವನ್ನೂ ಪಡೆದಿರಬಹುದು. ಕಾಲೇಜಿನ ದಿನಗಳಲ್ಲಿ ನಾನೂ ಹಾಗೆ ಮಾತನಾಡಿದ್ದೇನೆ. ನನ್ನ ಪದವಿ ರಸಾಯನಶಾಸ್ತ್ರದಲ್ಲಿ, ಕೆಲಸ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಣದಲ್ಲಿ. ಇತಿಹಾಸಕಾರನಲ್ಲದ ನಾನು ಇತಿಹಾಸದ ಒಂದು ಪ್ರಸಂಗವನ್ನು ಹುಡುಕಿಕೊಂಡು ಹೋಗಿ ಓದಿದ್ದಕ್ಕೆ ಒಂದು ಕಾರಣವಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಕುರಿತು ಒಂದು ಸಾಕ್ಷ್ಯಚಿತ್ರದ ಕೆಲಸದಲ್ಲಿ ನಾವು ಒಂದು ಹಳ್ಳಿಗೆ ಹೋಗಿದ್ದೆವು. ಬೇಸಿಗೆಯ ಮಧ್ಯಾಹ್ನ. ನಾವು ಐದು ಜನ. ಊರಿನ ಹಿರಿಯರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ, ಮಾತಿನ ನಡುವೆ ನಮ್ಮೆಲ್ಲರ ಊರು, ಮನೆತನಗಳನ್ನು ವಿಚಾರಿಸಿದರು. ಬಳಿಕ ನೀರು ಬಂತು. ನಾಲ್ವರಿಗೆ ಸ್ಟೀಲ್ ಲೋಟಗಳಲ್ಲಿ ಕೊಟ್ಟರು. ಐದನೆಯವನು ನಮ್ಮ ಲೈಟಿಂಗ್ ಸಹಾಯಕ. ಅವನಿಗೆ ಮಾತ್ರ ಜಗಲಿಯ ಕೆಳಗೆ ನಿಲ್ಲಿಸಿ, ಚೊಂಬಿನಿಂದ ಬೊಗಸೆಗೆ ನೀರು ಸುರಿದರು. ನಾನು ಅದನ್ನು ಕಂಡೆ. ಅರ್ಧ ಚಿತ್ರೀಕರಣ ಬಾಕಿ ಇತ್ತು, ಆ ಹಿರಿಯರ ಸಂದರ್ಶನವೂ ಬೇಕಿತ್ತು. ನಾನು ಏನೂ ಹೇಳದೆ ಲೋಟದ ನೀರು ಕುಡಿದೆ. ಮಾರನೆಯ ದಿನದಿಂದ ಆ ಹುಡುಗ ತನ್ನ ಬಾಟಲಿಯಲ್ಲೇ ನೀರು ತರತೊಡಗಿದ.

ಆ ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ ಎಂಬುದನ್ನು ಅಳೆಯಲು ನಮ್ಮ ಬಳಿ ಉಪಕರಣವಿತ್ತು. ಅದೇ ನೀರನ್ನು ಒಬ್ಬನಿಗೆ ಲೋಟದಲ್ಲಿ, ಇನ್ನೊಬ್ಬನಿಗೆ ಬೊಗಸೆಗೆ ಕೊಡುವಂತೆ ಮಾಡುವುದು ಯಾವುದು ಎಂದು ಅಳೆಯುವ ಉಪಕರಣ ಇರಲಿಲ್ಲ. ಆ ಪ್ರಶ್ನೆ ಬಹಳ ದಿನ ನನ್ನನ್ನು ಕಾಡಿತು. ಅದರ ಬೆನ್ನು ಹತ್ತಿದಾಗ ನನಗೆ ಸಿಕ್ಕಿದ್ದು ಮಹಾಡ್ ಎಂಬ ಊರಿನ ಒಂದು ಕೆರೆಯ ಕಥೆ.

ಕಾಗದದ ಮೇಲಿನ ಹಕ್ಕು

ಮಹಾಡ್ ಕೊಂಕಣ ಸೀಮೆಯಲ್ಲಿ, ಸಾವಿತ್ರಿ ನದಿಯ ದಡದಲ್ಲಿರುವ ಪಟ್ಟಣ. ಆಗ ಅದು ಮುಂಬಯಿ ಪ್ರಾಂತ್ಯದ ಕೊಲಾಬಾ ಜಿಲ್ಲೆಗೆ ಸೇರಿತ್ತು. ಇಂದು ಆ ಜಿಲ್ಲೆಯ ಹೆಸರು ರಾಯಗಡ. ಊರಿನ ನಡುವೆ ಒಂದು ದೊಡ್ಡ ಕೆರೆ. ಅದರ ಹೆಸರು ಚವದಾರ್. ಮರಾಠಿಯಲ್ಲಿ ಈ ಪದಕ್ಕೆ ರುಚಿಯಾದದ್ದು ಎಂದು ಅರ್ಥ. ಸುತ್ತಮುತ್ತಲ ಜನ ಅದೇ ಕೆರೆಯ ನೀರನ್ನು ಬಳಸುತ್ತಿದ್ದರು. ಮುಸಲ್ಮಾನರು ಬಳಸಬಹುದಿತ್ತು, ಕ್ರೈಸ್ತರು ಬಳಸಬಹುದಿತ್ತು, ದನಕರುಗಳು ಕುಡಿಯಬಹುದಿತ್ತು. ಅಸ್ಪೃಶ್ಯರೆಂದು ಕರೆಯಲಾದ ಜನ ಮಾತ್ರ ಅದನ್ನು ಮುಟ್ಟುವಂತಿರಲಿಲ್ಲ.

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತು ಒಂದು ಮಹತ್ವದ ನಿರ್ಣಯವನ್ನು ಅಂಗೀಕರಿಸಿತು. ಅದನ್ನು ಮಂಡಿಸಿದವರು ಸಮಾಜ ಸುಧಾರಕ ಸೀತಾರಾಮ ಕೇಶವ ಬೋಲೆ. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಿರ್ವಹಿಸುತ್ತಿರುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಸರ್ಕಾರಿ ಶಾಲೆ, ನ್ಯಾಯಾಲಯ, ಕಚೇರಿ, ಔಷಧಾಲಯಗಳನ್ನೂ ಅಸ್ಪೃಶ್ಯರು ಬಳಸಲು ಅವಕಾಶವಿರಬೇಕು ಎಂಬುದು ಅದರ ಸಾರ. ಕನ್ನಡಿಗರಾದ ನಾವು ಇಲ್ಲಿ ಒಂದು ಅಂಶವನ್ನು ನೆನಪಿಡಬೇಕು. ಅಂದಿನ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಕಾರವಾರ ಸೀಮೆಗಳು ಮುಂಬಯಿ ಪ್ರಾಂತ್ಯದ ಭಾಗವಾಗಿದ್ದವು. ಆದ್ದರಿಂದ ಈ ನಿರ್ಣಯ ಅಲ್ಲಿನ ಕೆರೆ ಬಾವಿಗಳಿಗೂ ಸಂಬಂಧಿಸಿತ್ತು.

ಮಹಾಡ್ ಪುರಸಭೆ ಹಿಂಜರಿಯಲಿಲ್ಲ. 1924ರ ಜನವರಿಯಲ್ಲಿಯೇ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ತಾನೂ ನಿರ್ಣಯ ಮಾಡಿತು. ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. ಒಂದು ವರ್ಷ ಕಳೆಯಿತು, ಎರಡು ಕಳೆಯಿತು, ಮೂರೂ ಕಳೆಯಿತು. ಒಬ್ಬ ದಲಿತನೂ ಕೆರೆಗೆ ಇಳಿಯಲಿಲ್ಲ. ಇಳಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಕ್ಕು ಕಡತದಲ್ಲಿತ್ತು, ನೀರು ಕೆರೆಯಲ್ಲಿತ್ತು. ನಡುವಿನ ಕೆಲವು ಮೆಟ್ಟಿಲುಗಳನ್ನು ಇಳಿಯುವ ಧೈರ್ಯ ಒಬ್ಬೊಬ್ಬರಿಂದ ಆಗುವಂಥದ್ದಾಗಿರಲಿಲ್ಲ.

ಬಾಯಾರಿದ ಬಾಲಕ

ಆ ಮೆಟ್ಟಿಲುಗಳನ್ನು ಮೊದಲು ಇಳಿದವರು ಡಾ. ಬಿ. ಆರ್. ಅಂಬೇಡ್ಕರ್. ನೀರಿನ ನಿರಾಕರಣೆ ಅವರಿಗೆ ಪುಸ್ತಕದಲ್ಲಿ ಓದಿ ತಿಳಿದ ವಿಷಯವಾಗಿರಲಿಲ್ಲ. 1891ರಲ್ಲಿ ಹುಟ್ಟಿದ ಅವರು ತಮ್ಮ ಶಾಲಾದಿನಗಳ ಬಗ್ಗೆ ಬರೆದುಕೊಂಡಿದ್ದಾರೆ. ಬಾಯಾರಿಕೆಯಾದರೆ ಶಾಲೆಯ ನಲ್ಲಿಯನ್ನು ಅವರು ತಾವೇ ತಿರುಗಿಸುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ.

1901ರ ಒಂದು ಪ್ರಸಂಗವನ್ನು ಅವರು ವಿವರವಾಗಿ ದಾಖಲಿಸಿದ್ದಾರೆ. ತಂದೆ ರಾಮಜಿ ಆಗ ಸತಾರಾ ಜಿಲ್ಲೆಯ ಖಟಾವ್ ತಾಲ್ಲೂಕಿನಲ್ಲಿ ನಗದು ಗುಮಾಸ್ತರಾಗಿದ್ದರು. ಬರಗಾಲಕ್ಕೆ ಸಿಕ್ಕ ಜನರಿಗೆ ಕೆಲಸ ಕೊಡಲೆಂದು ಸರ್ಕಾರ ಅಲ್ಲಿ ಒಂದು ಕೆರೆಯನ್ನು ಕಟ್ಟಿಸುತ್ತಿತ್ತು. ಬೇಸಿಗೆ ರಜೆಗೆ ತಂದೆಯನ್ನು ನೋಡಲು ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಹೊರಟರು. ಮಸೂರ್ ನಿಲ್ದಾಣದಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ಟರು ಮೊದಲು ಪ್ರೀತಿಯಿಂದಲೇ ಮಾತನಾಡಿಸಿದರು. ಮಕ್ಕಳು ಯಾವ ಜಾತಿಯವರು ಎಂದು ತಿಳಿದೊಡನೆ ಅವರ ಮುಖಭಾವ ಬದಲಾಯಿತು.

ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಅದಕ್ಕೂ ಒಂದು ಷರತ್ತು: ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ದಾರಿಯಲ್ಲಿ ಬುತ್ತಿ ಬಿಚ್ಚಿದರು. ಊಟವಿತ್ತು, ನೀರಿರಲಿಲ್ಲ. ಹಳ್ಳದಲ್ಲಿ ಸಿಕ್ಕಿದ್ದು ದನಗಳ ಸಗಣಿ ಗಂಜಲ ಬೆರೆತ ಕೆಸರು. ರಾತ್ರಿ ಸುಂಕದ ಕಟ್ಟೆಯ ಬಳಿ, ಗಾಡಿಯವನ ಸಲಹೆಯಂತೆ ತಾವು ಮುಸಲ್ಮಾನರೆಂದು ಹೇಳಿಕೊಂಡು ನೀರು ಕೇಳಿದರು. ಅಲ್ಲಿಯೂ ಸಿಗಲಿಲ್ಲ. ಮಕ್ಕಳು ಬಾಯಾರಿದ ಬಾಯಲ್ಲೇ ಗಾಡಿಯಲ್ಲಿ ಮಲಗಿದರು. ತಂದೆ ಲೆಕ್ಕ ಬರೆಯುತ್ತಿದ್ದುದು ಕೆರೆಯ ಕಾಮಗಾರಿಗೆ. ಮಗನಿಗೆ ದಾರಿಯಲ್ಲಿ ಒಂದು ಗುಟುಕು ನೀರಿಲ್ಲ.

ಆ ಬಾಲಕ ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನ ಅರ್ಥಶಾಸ್ತ್ರ ಶಾಲೆಯಲ್ಲಿ ಓದಿದ. ಬ್ಯಾರಿಸ್ಟರ್ ಆದ. ಎರಡು ವಿದೇಶ ವಾಸಗಳ ನಡುವೆ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದಾಗಲೂ, ಅಧ್ಯಾಪಕರಿಗೆಂದು ಇಟ್ಟಿದ್ದ ಪಾತ್ರೆಯಿಂದ ಅವರು ನೀರು ಕುಡಿಯುವುದಕ್ಕೆ ಕೆಲವರು ಆಕ್ಷೇಪಿಸಿದರು. ವಿದ್ಯೆ ಬಂದರೆ ಗೌರವ ತಾನಾಗಿ ಬರುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅಂಬೇಡ್ಕರರ ಅನುಭವ ಬೇರೆಯಾಗಿತ್ತು.

1925ರ ಏಪ್ರಿಲ್‌ನಲ್ಲಿ ಅವರು ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಮಹಾಡ್‌ಗೆ ಎರಡು ವರ್ಷ ಮೊದಲೇ ಅವರ ಮಾತು ಕನ್ನಡ ನಾಡಿನ ಗಡಿಯಲ್ಲಿ ಕೇಳಿಸಿತ್ತು ಎಂಬುದು ಗಮನಾರ್ಹ.

1927ರ ಮಾರ್ಚ್ 20

1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು ಸೇರಿತು. ಸ್ಥಳೀಯ ತರುಣ ರಾಮಚಂದ್ರ ಬಾಬಾಜಿ ಮೋರೆ ಮತ್ತು ಸಂಗಡಿಗರು ಹಳ್ಳಿಹಳ್ಳಿ ಸುತ್ತಿ ಜನರನ್ನು ಕರೆತಂದಿದ್ದರು. ಸಾವಿರಾರು ಮಂದಿ ಬುತ್ತಿ ಕಟ್ಟಿಕೊಂಡು ನಡೆದು ಬಂದರು. ಅವರಲ್ಲಿ ಸೈನ್ಯದಿಂದ ನಿವೃತ್ತರಾದವರೂ ಇದ್ದರು. ಇಷ್ಟು ಜನಕ್ಕೆ ಕುಡಿಯಲು ನೀರು? ಸಂಘಟಕರು 40 ರೂಪಾಯಿ ಕೊಟ್ಟು ಸವರ್ಣೀಯರಿಂದ ನೀರನ್ನು ಕೊಳ್ಳಬೇಕಾಯಿತು. ಎಲ್ಲರಿಗೂ ಸೇರಿದ ಕೆರೆ ಕಣ್ಣೆದುರಿಗೇ ಇತ್ತು.

ಅಂಬೇಡ್ಕರರು ಮೊದಲ ದಿನದ ಭಾಷಣದಲ್ಲಿ ಇತರರನ್ನು ದೂರುವುದಕ್ಕಿಂತ ಹೆಚ್ಚಾಗಿ ತಮ್ಮ ಜನರೊಂದಿಗೆ ಮಾತನಾಡಿದರು. ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ, ಬೇರೆಯವರು ಎಸೆದ ಎಂಜಲಿಗೆ ಕೈಚಾಚಬೇಡಿ, ಮಕ್ಕಳನ್ನು ಓದಿಸಿ ಎಂಬುದು ಅವರ ಮಾತಿನ ತಿರುಳು. ಘನತೆಯ ಮೊದಲ ಮೆಟ್ಟಿಲು ನಾವು ನಮ್ಮನ್ನು ಹೇಗೆ ಕಾಣುತ್ತೇವೆ ಎಂಬುದು ಎಂದು ಅವರು ತಿಳಿದಿದ್ದರು.

ಎರಡನೆಯ ದಿನ ಸಭೆ ಮುಗಿಯುವ ಹೊತ್ತಿಗೆ ಅನಂತರಾವ್ ಚಿತ್ರೆ ಎಂಬ ಸುಧಾರಕರು, ಎಲ್ಲರೂ ಈಗಲೇ ಕೆರೆಗೆ ಹೋಗೋಣ ಎಂದು ಸೂಚಿಸಿದರು. ಚಿತ್ರೆಯವರು ದಲಿತರಲ್ಲ. ಜನ ನಾಲ್ಕು ನಾಲ್ಕು ಮಂದಿಯ ಸಾಲಿನಲ್ಲಿ ಶಿಸ್ತಿನಿಂದ ಊರಿನ ಬೀದಿಗಳಲ್ಲಿ ನಡೆದರು. ಅಂಬೇಡ್ಕರರು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತೆಗೆದು ಕುಡಿದರು. ಅವರ ಹಿಂದೆ ಬಂದವರೂ ಕುಡಿದರು. ಮತ್ತೆ ಶಾಂತವಾಗಿ ಮಂಟಪಕ್ಕೆ ಹಿಂದಿರುಗಿದರು.

ಇಷ್ಟೇ ನಡೆದದ್ದು. ಆದರೆ ಸ್ವಲ್ಪ ಹೊತ್ತಿನಲ್ಲಿ ಊರಲ್ಲಿ ವದಂತಿ ಹರಡಿತು: ಈ ಜನ ಮುಂದೆ ವೀರೇಶ್ವರ ದೇವಾಲಯಕ್ಕೂ ನುಗ್ಗುತ್ತಾರಂತೆ. ಅಂಥ ಯೋಚನೆಯೇ ಇರಲಿಲ್ಲ. ದೊಣ್ಣೆ ಹಿಡಿದ ಗುಂಪು ಮಂಟಪದಲ್ಲಿ ಊಟ ಮಾಡುತ್ತಿದ್ದವರ ಮೇಲೆ, ಊರಿಗೆ ಮರಳುತ್ತಿದ್ದವರ ಮೇಲೆ ಬಿತ್ತು. ಅನೇಕರು ಗಾಯಗೊಂಡರು. ಕೆಲವರಿಗೆ ಮುಸಲ್ಮಾನರ ಮನೆಗಳಲ್ಲಿ ಆಶ್ರಯ ದೊರೆಯಿತು. ಅಂಬೇಡ್ಕರರು ತಂಗಿದ್ದ ಬಂಗಲೆಯ ಬಳಿ ಸೇರಿದ ದಲಿತ ಯುವಕರು ತಿರುಗಿ ಹೊಡೆಯಲು ಅಪ್ಪಣೆ ಕೇಳಿದರು. ಬಂದೂಕು ಹಿಡಿದು ಬಲ್ಲವರೂ ಅಲ್ಲಿದ್ದರು. ಅಂಬೇಡ್ಕರರು ಒಪ್ಪಲಿಲ್ಲ. ಕಾನೂನಿನ ದಾರಿಯನ್ನು ಬಿಡಬಾರದು ಎಂದರು. ಮುಂದೆ ಹಲ್ಲೆಕೋರರಲ್ಲಿ ಕೆಲವರಿಗೆ ನ್ಯಾಯಾಲಯದಲ್ಲಿ ಸೆರೆವಾಸದ ಶಿಕ್ಷೆಯಾಯಿತು.

ಮೈಲಿಗೆ ಮತ್ತು ಮಾಲಿನ್ಯ

ಆ ಬಳಿಕ ನಡೆದದ್ದನ್ನು ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕೆರೆ ಮೈಲಿಗೆಯಾಯಿತೆಂದು ಊರಿನ ಸಂಪ್ರದಾಯಸ್ಥರು ಅದನ್ನು ಶುದ್ಧಿ ಮಾಡಲು ನಿರ್ಧರಿಸಿದರು. ಕೆರೆಯ ನೀರನ್ನು 108 ಕೊಡಗಳಲ್ಲಿ ಎತ್ತಿ, ಹಾಲು, ಮೊಸರು, ಸಗಣಿ, ಗಂಜಲಗಳನ್ನು ಬೆರೆಸಿ, ಮಂತ್ರಘೋಷದೊಂದಿಗೆ ಮತ್ತೆ ಕೆರೆಗೆ ಸುರಿದರು. ಕೆರೆ ಶುದ್ಧವಾಯಿತೆಂದು ಸಾರಿದರು.

ಮೈಲಿಗೆ ಮತ್ತು ಮಾಲಿನ್ಯ ಕೇಳಲು ಹತ್ತಿರದ ಪದಗಳು. ಅರ್ಥದಲ್ಲಿ ಬಹಳ ದೂರ. ಮಾಲಿನ್ಯವನ್ನು ಅಳೆಯಬಹುದು. ನೀರಿನ ಆಮ್ಲೀಯತೆ, ಗಡಸುತನ, ಅದರಲ್ಲಿ ಕರಗಿದ ಲವಣಗಳು, ಕೋಲಿಫಾರಂ ಬ್ಯಾಕ್ಟೀರಿಯಾ ಇವೆಲ್ಲಕ್ಕೂ ಪರೀಕ್ಷೆಗಳಿವೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ನೀರೇ ರೋಗಕ್ಕೆ ಮೂಲವೆಂದು ಸಾವುಗಳ ಲೆಕ್ಕ ಹಿಡಿದು ತೋರಿಸಿದ. ಅಂದಿನಿಂದ ನೀರು ಹೇಗೆ ಕೆಡುತ್ತದೆ ಎಂಬ ಜ್ಞಾನ ಬೆಳೆಯುತ್ತಲೇ ಬಂದಿದೆ. ಮೈಲಿಗೆಗೆ ಇಂಥ ಪರೀಕ್ಷೆ ಯಾವುದೂ ಇಲ್ಲ. ಬೇರೆ ಬೇರೆ ಜಾತಿಯವರು ಮುಟ್ಟಿದ ನೀರನ್ನು ಎರಡು ಪರೀಕ್ಷಾನಳಿಕೆಗಳಲ್ಲಿ ಇಟ್ಟು, ಯಾವುದು ಯಾರದು ಎಂದು ಹೇಳಬಲ್ಲ ಕಾರಕವನ್ನು ಯಾವ ರಸಾಯನಶಾಸ್ತ್ರಜ್ಞನೂ ತಯಾರಿಸಲಾರ. ಇನ್ನು ಸಗಣಿ ಗಂಜಲಗಳನ್ನು ಕುಡಿಯುವ ನೀರಿಗೆ ಬೆರೆಸಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಜೀವಶಾಸ್ತ್ರದ ಅಧ್ಯಾಪಕರೇ ಹೇಳಬಲ್ಲರು.

ಆದರೆ ವಿಜ್ಞಾನ ಓದಿದವರೆಲ್ಲ ಮೈಲಿಗೆಯಿಂದ ಮುಕ್ತರಾಗುತ್ತಾರೆ ಎಂದು ನಾನು ಹೇಳಲಾರೆ. ಉಪಕರಣವನ್ನು ಪಕ್ಕದಲ್ಲಿಟ್ಟುಕೊಂಡು ಆ ಜಗಲಿಯ ಮೇಲೆ ಕುಳಿತಿದ್ದವನು ನಾನೇ. ತಿಳಿವಳಿಕೆ ಇರುವುದು ಬೇರೆ, ಅದನ್ನು ಸಮಯಕ್ಕೆ ಬಳಸುವುದು ಬೇರೆ.

ಜೊತೆಗೆ ನಡೆದವರು

ಪ್ರತಿಭಟನೆಯ ಕಾವು ಏರುತ್ತಿದ್ದಂತೆ ಪುರಸಭೆ ಮಣಿಯಿತು. 1927ರ ಆಗಸ್ಟ್‌ನಲ್ಲಿ ತನ್ನ ಹಳೆಯ ನಿರ್ಣಯವನ್ನು ರದ್ದುಪಡಿಸಿತು. ಅಂಬೇಡ್ಕರರು ಏಪ್ರಿಲ್ 3ರಂದು 'ಬಹಿಷ್ಕೃತ ಭಾರತ' ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿ ತಮ್ಮ ವಾದವನ್ನು ಜನರ ಮುಂದಿಡತೊಡಗಿದ್ದರು. ಡಿಸೆಂಬರ್ 25ರಿಂದ ಮತ್ತೆ ಸತ್ಯಾಗ್ರಹ ಎಂದು ಘೋಷಿಸಿದರು.

ಈ ಸಿದ್ಧತೆಯ ಹೊತ್ತಿನಲ್ಲಿ ಒಂದು ಪ್ರಶ್ನೆ ಎದ್ದಿತು. ಬ್ರಾಹ್ಮಣೇತರ ಚಳವಳಿಯ ನಾಯಕರಾದ ಜೇಧೆ ಮತ್ತು ಜವಳ್ಕರ್ ಬೆಂಬಲ ನೀಡಲು ಮುಂದೆ ಬಂದರು. ಆದರೆ ಸತ್ಯಾಗ್ರಹದಲ್ಲಿ ಬ್ರಾಹ್ಮಣರು ಯಾರೂ ಇರಬಾರದು ಎಂದು ಷರತ್ತು ಹಾಕಿದರು. ಚಳವಳಿಗೆ ಬಲ ಅತ್ಯಗತ್ಯವಾಗಿದ್ದ ಸಮಯ ಅದು. ಆದರೂ ಅಂಬೇಡ್ಕರರು ಷರತ್ತನ್ನು ಒಪ್ಪಲಿಲ್ಲ. ತಮ್ಮ ವಿರೋಧ ಹುಟ್ಟಿನಿಂದ ಮೇಲುಕೀಳು ಎಣಿಸುವ ಮನೋಭಾವಕ್ಕೆ, ಯಾವುದೋ ಒಂದು ಜಾತಿಯಲ್ಲಿ ಹುಟ್ಟಿದ ವ್ಯಕ್ತಿಗಳಿಗಲ್ಲ ಎಂದು ಸ್ಪಷ್ಟಪಡಿಸಿದರು. ಹುಟ್ಟನ್ನು ನೋಡಿ ತನ್ನನ್ನು ಹೊರಗಿಟ್ಟವರ ವಿರುದ್ಧ ಹೋರಾಡುವಾಗಲೂ, ಹುಟ್ಟನ್ನು ನೋಡಿ ಇನ್ನೊಬ್ಬನನ್ನು ಹೊರಗಿಡಲು ಒಪ್ಪದಿರುವುದು ಸಣ್ಣ ವಿಷಯವಲ್ಲ. ಪರಸ್ಪರ ಗೌರವ ಎಂಬ ಪದಕ್ಕೆ ನಾನು ಬಲ್ಲ ಒಳ್ಳೆಯ ಉದಾಹರಣೆ ಇದು.

ಪುರಸಭೆಯ ಅಧ್ಯಕ್ಷರಾಗಿದ್ದ ಸುರೇಂದ್ರನಾಥ ಟಿಪ್ಣಿಸ್, ಆಗಲೇ ಹೇಳಿದ ಚಿತ್ರೆ, ಬ್ರಾಹ್ಮಣರಾಗಿದ್ದ ಗಂಗಾಧರ ನೀಲಕಂಠ ಸಹಸ್ರಬುದ್ಧೆ ಈ ಹೋರಾಟದಲ್ಲಿ ಜೊತೆಯಾಗಿದ್ದರು. ಸಭೆ ನಡೆಸಲು ಊರಿನಲ್ಲಿ ಹಿಂದೂಗಳು ಯಾರೂ ಜಾಗ ಕೊಡದಿದ್ದಾಗ ಫತ್ತೇಖಾನ್ ಎಂಬ ಮುಸಲ್ಮಾನರು ತಮ್ಮ ಜಮೀನನ್ನು ಬಿಟ್ಟುಕೊಟ್ಟರು. ಅಂಗಡಿಯವರು ಸಾಮಾನು ಕೊಡದ ಕಾರಣ ದವಸಧಾನ್ಯವನ್ನು ಹೊರಗಿನಿಂದಲೇ ತರಬೇಕಾಯಿತು.

ಈ ನಡುವೆ ವಿರೋಧಿಗಳು ಕೆರೆ ಖಾಸಗಿ ಆಸ್ತಿ ಎಂದು ದಾವೆ ಹೂಡಿ, ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆ ಪಡೆದರು. ಡಿಸೆಂಬರ್ 25ರಂದು ಸಾವಿರಾರು ಜನ ಸೇರಿದಾಗ ಅಂಬೇಡ್ಕರರು ಮಾಡಿದ ಭಾಷಣ ಇಡೀ ಪ್ರಸಂಗಕ್ಕೆ ಕೀಲಿಕೈಯಂತಿದೆ. ಈ ಸಭೆಯನ್ನು ಅವರು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಈ ಕೆರೆಯ ನೀರು ಕುಡಿದು ನಾವು ಅಮರರಾಗುವುದಿಲ್ಲ, ಇಷ್ಟು ದಿನ ಕುಡಿಯದೆ ಸತ್ತೂ ಹೋಗಿಲ್ಲ. ಇತರರಂತೆ ನಾವೂ ಮನುಷ್ಯರು ಎಂಬುದನ್ನು ಸ್ಥಾಪಿಸಲು ಬಂದಿದ್ದೇವೆ ಎಂಬುದು ಅವರು ಹೇಳಿದ್ದರ ತಾತ್ಪರ್ಯ. ಅಂದು ರಾತ್ರಿ, ಹುಟ್ಟಿನಿಂದ ಅಸಮಾನತೆಯನ್ನು ವಿಧಿಸುವ ಗ್ರಂಥವೆಂದು ಮನುಸ್ಮೃತಿಯನ್ನು ಸುಡಲಾಯಿತು. ಆ ನಿರ್ಣಯವನ್ನು ಮಂಡಿಸಿದವರು ಸಹಸ್ರಬುದ್ಧೆಯವರು.

ಜನ ಕೆರೆಗೆ ಹೋಗಲು, ಅಗತ್ಯ ಬಿದ್ದರೆ ಸೆರೆಮನೆಗೆ ಹೋಗಲೂ ಸಿದ್ಧರಾಗಿದ್ದರು. ಜಿಲ್ಲಾ ಕಲೆಕ್ಟರರು ಬಂದು, ನ್ಯಾಯಾಲಯದ ಆಜ್ಞೆಯನ್ನು ಮೀರಬೇಡಿರೆಂದು ಕೇಳಿಕೊಂಡರು. ಅಂಬೇಡ್ಕರರು ಬಹಳ ಯೋಚಿಸಿ ಸತ್ಯಾಗ್ರಹವನ್ನು ಮುಂದೂಡಲು ಸಲಹೆ ಮಾಡಿದರು. ಜನರಿಗೆ ನಿರಾಶೆಯಾಗಿರಲೇಬೇಕು. ಆದರೂ ಕೇಳಿದರು. ಕೆರೆಯ ಸುತ್ತ ಮೆರವಣಿಗೆಯಲ್ಲಿ ನಡೆದು, ನೀರನ್ನು ಮುಟ್ಟದೆ ಹಿಂದಿರುಗಿದರು. ಅಂಬೇಡ್ಕರರು ಆಗ ಅಲ್ಲಿ ಸೇರಿದ್ದ ಹೆಂಗಸರೊಂದಿಗೆ ಪ್ರತ್ಯೇಕವಾಗಿ ಮಾತನಾಡಿದರು. ಜಾತಿಯನ್ನು ಗುರುತಿಸುವ ಹಾಗೆ ಸೀರೆ ಉಡುವುದನ್ನು ಬಿಟ್ಟು ಎಲ್ಲರಂತೆ ಉಡಿ, ಗಂಡುಮಕ್ಕಳಂತೆ ಹೆಣ್ಣುಮಕ್ಕಳನ್ನೂ ಓದಿಸಿ ಎಂದರು.

ನ್ಯಾಯಾಲಯದ ಹಾದಿ

ಮುಂದಿನದು ನಿಧಾನದ ಕಥೆ. 1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು. ಆದರೆ ಮೂಲ ದಾವೆ ಮುಂದುವರಿಯಿತು. 1931ರ ಜೂನ್‌ನಲ್ಲಿ ಮಹಾಡ್ ನ್ಯಾಯಾಲಯ, 1933ರ ಜನವರಿಯಲ್ಲಿ ಠಾಣೆಯ ಮೇಲ್ಮನವಿ ನ್ಯಾಯಾಲಯ, ಕೊನೆಗೆ 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟ್ ಅಂಬೇಡ್ಕರರ ಪರವಾಗಿ ತೀರ್ಪು ನೀಡಿದವು. ಅಸ್ಪೃಶ್ಯರನ್ನು ಈ ಕೆರೆಯಿಂದ ದೂರವಿಡುವುದು ಅನಾದಿಕಾಲದಿಂದ ಬಂದ ರೂಢಿ ಎಂಬ ವಾದ ಸಾಬೀತಾಗಲಿಲ್ಲ. ಪುರಸಭೆಯ ಕೆರೆ ಎಲ್ಲರ ಕೆರೆ ಎಂಬುದು ಉಳಿಯಿತು.

ದಿನಾಂಕಗಳನ್ನು ಮತ್ತೊಮ್ಮೆ ನೋಡಿ. ನೀರು ಕುಡಿದದ್ದು 1927ರ ಮಾರ್ಚ್ 20. ಕುಡಿಯುವ ಹಕ್ಕು ಇದೆ ಎಂಬ ಅಂತಿಮ ತೀರ್ಪು 1937ರ ಮಾರ್ಚ್ 17. ಹತ್ತು ವರ್ಷಕ್ಕೆ ಮೂರು ದಿನ ಕಡಿಮೆ. ಅಷ್ಟರಲ್ಲಿ ಅಂಬೇಡ್ಕರರು ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳಲ್ಲಿ ಮಾತನಾಡಿ ಬಂದಿದ್ದರು. 1932ರಲ್ಲಿ ಪುಣೆ ಒಪ್ಪಂದವಾಗಿತ್ತು. ದೇಶದ ಭವಿಷ್ಯದ ಕುರಿತು ದೊರೆಗಳೊಂದಿಗೆ ಚರ್ಚಿಸುತ್ತಿದ್ದ ವ್ಯಕ್ತಿ, ಒಂದು ಕೆರೆಯ ಮೆಟ್ಟಿಲಿನ ಮೊಕದ್ದಮೆಯನ್ನೂ ಕೈಬಿಡಲಿಲ್ಲ.

ಕೆರೆಯಿಂದ ಸಂವಿಧಾನಕ್ಕೆ

ಅಂಬೇಡ್ಕರರು ಅಧ್ಯಕ್ಷರಾಗಿದ್ದ ಕರಡು ಸಮಿತಿ ರೂಪಿಸಿದ ಸಂವಿಧಾನದ 15ನೆಯ ವಿಧಿಯನ್ನು ಬಿಡಿಸಿ ಓದಿ ನೋಡಿ. ಅಂಗಡಿ, ಹೋಟೆಲುಗಳ ಜೊತೆಗೆ, ಸರ್ಕಾರದ ಹಣದಿಂದ ನಿರ್ವಹಿಸುವ ಅಥವಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರಿಗೂ ಅಡ್ಡಿ ಮಾಡಬಾರದು ಎಂದು ಅದು ಹೇಳುತ್ತದೆ. ಸಮಾನತೆಯಂಥ ದೊಡ್ಡ ತತ್ತ್ವವನ್ನು ಹೇಳುವ ಕಡೆ ಬಾವಿ, ಕೆರೆಗಳ ಹೆಸರೇಕೆ ಎಂದು ಹೊರದೇಶದವರಿಗೆ ಅನ್ನಿಸಬಹುದು. 1923ರ ಬೋಲೆಯವರ ನಿರ್ಣಯವನ್ನೂ ಮಹಾಡ್‌ನ ಕಥೆಯನ್ನೂ ಬಲ್ಲ ನಿಮಗೆ ಅದು ವಿಚಿತ್ರವೆನಿಸುವುದಿಲ್ಲ. ನಮ್ಮ ದೇಶದಲ್ಲಿ ಸಮಾನತೆಯ ಪ್ರಶ್ನೆ ಎದ್ದದ್ದು ಇಂಥ ಜಾಗಗಳಲ್ಲಿಯೇ.

ಅಸ್ಪೃಶ್ಯತೆಯನ್ನು ರದ್ದುಗೊಳಿಸುವ 17ನೆಯ ವಿಧಿಯನ್ನು ಸಂವಿಧಾನ ಸಭೆ ಒಪ್ಪಿದ್ದು 1948ರ ನವೆಂಬರ್ 29ರಂದು. ಅದಾದ ಹನ್ನೊಂದು ದಿನಗಳಿಗೆ, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಎಲ್ಲರೂ ಘನತೆಯಲ್ಲಿಯೂ ಹಕ್ಕುಗಳಲ್ಲಿಯೂ ಸಮಾನರು ಎಂಬುದು ಅದರ ಮೊದಲ ವಿಧಿಯ ಆಶಯ. ಆ ವಿಧಿಯ ಕರಡಿನಲ್ಲಿ 'ಎಲ್ಲ ಪುರುಷರು' ಎಂಬ ಅರ್ಥ ಬರುವ ಪದಗಳಿದ್ದವು. 'ಎಲ್ಲ ಮಾನವರು' ಎಂದು ಅದು ಬದಲಾಗಲು ಕಾರಣರಾದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಒಂದು ಪದದಿಂದ ಏನಾಗುತ್ತದೆ ಎಂದು ಅವರೂ ಕೇಳಲಿಲ್ಲ.

ಆಮೇಲೆ 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರಿಸಲಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಇವೆಲ್ಲ ಇದ್ದೂ ನಾನು ಆ ಜಗಲಿಯ ಮೇಲೆ ಕಂಡದ್ದನ್ನು ಕಂಡೆ.

ನಮ್ಮ ಪಾಲಿನ ಮೆಟ್ಟಿಲು

ಮಹಾಡ್‌ನಿಂದ ನಾನು ಕಲಿತದ್ದು ಇಷ್ಟು. ನಿರ್ಣಯ, ಕಾನೂನು, ಸಂವಿಧಾನ ಇವು ಬೇಕೇ ಬೇಕು. 1923ರ ನಿರ್ಣಯ ಇಲ್ಲದಿದ್ದರೆ 1927ರ ನಡಿಗೆಗೆ ಆಧಾರವಿರುತ್ತಿರಲಿಲ್ಲ. ಆದರೆ ಅವು ಕೆರೆಯ ತನಕ ತಲುಪಬೇಕಾದರೆ ಯಾರಾದರೂ ನಡೆಯಬೇಕು. ನಡೆಯುವವರ ಜೊತೆಗೆ ಉಳಿದವರೂ ಹೆಜ್ಜೆ ಹಾಕಬೇಕು. ಮನುಷ್ಯರೆಲ್ಲ ಸಮಾನರು ಎಂದು ನಾನು ನಂಬುತ್ತೇನೆ ಎಂದರೆ ಸಾಲದು. ನನ್ನ ಎದುರಿಗೇ ಒಬ್ಬನಿಗೆ ಲೋಟ ಸಿಗದಿದ್ದಾಗ ನಾನು ಏನು ಮಾಡುತ್ತೇನೆ ಎಂಬುದರಲ್ಲಿ ಆ ನಂಬಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ನಿಮಗೂ ಇಂಥ ಸಂದರ್ಭಗಳು ಬರುತ್ತವೆ. ಹಾಸ್ಟೆಲಿನ ಊಟದ ಸಾಲಿನಲ್ಲಿ, ಬಾಡಿಗೆ ಕೊಠಡಿ ಹುಡುಕುವಾಗ, ಪ್ರಯೋಗಾಲಯದಲ್ಲಿ ಜೊತೆಗಾರರನ್ನು ಆರಿಸುವಾಗ, ಒಬ್ಬನ ಅಡ್ಡಹೆಸರನ್ನು ಹಿಡಿದು ನಗುವಾಗ. ಆಗ ದೊಡ್ಡ ಭಾಷಣ ಬೇಕಾಗುವುದಿಲ್ಲ. 'ನನಗೆ ಕೊಟ್ಟ ಹಾಗೆಯೇ ಇವನಿಗೂ ಕೊಡಿ' ಎಂಬ ಒಂದು ಮಾತು ಸಾಕು. ಅದನ್ನು ಸಿಟ್ಟಿಲ್ಲದೆ, ಎದುರಿನ ಹಿರಿಯರಿಗೆ ಅಗೌರವ ತೋರದೆ ಹೇಳಬಹುದು. ಕೇಳುವವರು ಒಪ್ಪದಿದ್ದರೆ ನಾವೂ ಜಗಲಿಯಿಂದ ಕೆಳಗಿಳಿದು ನಿಲ್ಲಬಹುದು.

ಆ ಸಾಕ್ಷ್ಯಚಿತ್ರ ಮುಗಿದು ಬಹಳ ದಿನಗಳ ಮೇಲೆ ಒಮ್ಮೆ ನಮ್ಮ ಲೈಟಿಂಗ್ ಸಹಾಯಕನ ಬಳಿ ಆ ಮಾತನ್ನು ಎತ್ತಿದೆ. ಅಂದು ಸುಮ್ಮನಿದ್ದದ್ದು ತಪ್ಪಾಯಿತು ಎಂದೆ. ಅವನು ಕೇಬಲ್ ಸುತ್ತುತ್ತಿದ್ದವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳಬೇಕಿತ್ತು ಸಾರ್" ಎಂದ. ಅವನ ಮಾತು ಸರಿ. ಅದನ್ನೇ ನಿಮಗೂ ಹೇಳೋಣವೆಂದು ಇದನ್ನು ಬರೆದೆ.